ಕೋಪರಾಳೆಯ ಕಲ್ಲು ಮತ್ತು ಓದದೆ ಉಳಿದ ಎರಡು ಸಾಲು

ಮುಂಡಪ್ಪ ಪುತ್ರನ್ ತೀರಿಕೊಂಡ ಹದಿನೈದನೆಯ ದಿನ ಕೋಪರಾಳೆ ಬಂದರ ಇತಿಹಾಸ ಮಂಡಳದವರು ಶೋಕಸಭೆ ಇಟ್ಟುಕೊಂಡಿದ್ದರು. ಹಾರ ಹಾಕಿದ ಫೋಟೋ, ಎರಡು ನಿಮಿಷದ ಮೌನ, ಆಮೇಲೆ ಅಧ್ಯಕ್ಷರ ಮಾತು. "ನಮ್ಮೂರಿನ ವೀರಗಲ್ಲನ್ನು ಉಳಿಸಿಕೊಟ್ಟ ಮಹನೀಯ" ಎಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ಮುಂಡಪ್ಪನ ಹೆಂಡತಿ ವಾರಿಜಾ ತಲೆ ಎತ್ತಿ ಅಧ್ಯಕ್ಷರನ್ನು ಒಮ್ಮೆ ನೋಡಿದರು, ಮತ್ತೆ ತಲೆ ತಗ್ಗಿಸಿದರು. ಕಲ್ಲು ಉಳಿದಿದೆ, ಅದು ನಿಜ. ಏನು ಉಳಿಯಲಿಲ್ಲ ಎಂಬುದನ್ನು ಆ ಸಭೆಯಲ್ಲಿ ಯಾರೂ ಹೇಳಲಿಲ್ಲ. ಅದನ್ನು ಬಿಟ್ಟು ಮುಂಡಪ್ಪನ ಬಗ್ಗೆ ಏನು ಹೇಳಿದರೂ ಬೇರೆ ಯಾರ ಬಗ್ಗೆಯೋ ಹೇಳಿದಂತೆ.

ಅವನು ಉಚ್ಚಿಲದ ಕಡಲ ಬದಿಯ ಮೊಗವೀರರ ಮನೆಯವನು. ಹದಿನಾಲ್ಕು ವರ್ಷಕ್ಕೆ ಮುಂಬಯಿಗೆ ಬಂದು, ಕೋಟೆ ಭಾಗದ ಒಂದು ಹೋಟೆಲಿನಲ್ಲಿ ಬಟ್ಟಲು ತೊಳೆದು, ಕನ್ನಡ ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿದ. ಆ ಶಾಲೆಯ ಮೇಷ್ಟ್ರೊಬ್ಬರಿಗೆ ಶಾಸನಗಳ ಹುಚ್ಚು. ರಜಾ ದಿನ ಹುಡುಗರನ್ನು ಕಟ್ಟಿಕೊಂಡು ಗುಹೆ, ಗುಡಿ ಎಂದು ತಿರುಗುತ್ತಿದ್ದರು. ಕಲ್ಲಿನ ಬರಹದ ಅಚ್ಚು ತೆಗೆಯುವುದನ್ನು ಮುಂಡಪ್ಪ ಕಲಿತದ್ದು ಅವರಿಂದ. ಕಲ್ಲು ತೊಳೆಯಬೇಕು, ಒದ್ದೆ ಕಾಗದ ಹಾಸಬೇಕು, ಗಾಳಿಗುಳ್ಳೆ ಉಳಿಯದಂತೆ ಬ್ರಶ್ಶಿನಿಂದ ತಟ್ಟುತ್ತ ಹೋಗಬೇಕು. ಕಾಗದ ಅಕ್ಷರದ ಗುಳಿಯೊಳಗೆ ಇಳಿದು ಅರೆ ಆರಿದ ಮೇಲೆ ಮಸಿಯ ಗಂಟಿನಿಂದ ಮೆಲ್ಲಗೆ ಒತ್ತಬೇಕು. ಅವಸರ ಮಾಡಿದರೆ ಕಾಗದ ಹರಿಯುತ್ತದೆ. ಮುಂಡಪ್ಪನ ಕಾಗದ ಹರಿದದ್ದನ್ನು ನೋಡಿದವರಿಲ್ಲ.

ಹೊಟ್ಟೆಪಾಡಿಗೆ ಡೊಂಬಿವಲಿಯ ಬಣ್ಣದ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್ ಆದ. ಊರಿನ ಪೂರ್ವ ಭಾಗದಲ್ಲಿ ಮೂರನೇ ಮಾಳಿಗೆಯ ಒಂದು ಕೋಣೆ, ಒಂದು ಅಡುಗೆಮನೆ. ವಾರಿಜಾ, ಮಗಳು ಅನುಷ್ಕಾ. ಡೊಂಬಿವಲಿಯ ಮೀನು ಅವನಿಗೆ ಹಿಡಿಸುತ್ತಿರಲಿಲ್ಲ. "ಇದು ಮೀನಲ್ಲ, ಮಂಜುಗಡ್ಡೆ" ಎಂದು ಬೈದುಕೊಂಡು ಭಾನುವಾರ ಬೆಳಿಗ್ಗೆ ಲೋಕಲ್ ಹಿಡಿದು ಠಾಣೆಗೆ, ಅಲ್ಲಿಂದ ಬಸ್ಸಿನಲ್ಲಿ ಬೇಲಾಪುರದ ದಾರಿಯ ಕೋಪರಾಳೆಗೆ ಹೋಗುತ್ತಿದ್ದ. ಕೋಪರಾಳೆ ಖಾಡಿಯ, ಅಂದರೆ ಒಳನುಗ್ಗಿದ ಕಡಲ ನೀರಿನ, ದಂಡೆಯ ಹಳೇ ಬಂದರು. ಹೊಸ ಮುಂಬಯಿಯ ಕಟ್ಟಡಗಳು ಮೂರು ಕಡೆಯಿಂದ ಅದನ್ನು ಒತ್ತಿಕೊಂಡು ಬರುತ್ತಿದ್ದವು. ಖಾಡಿಯ ಕಡೆಗೆ ಮಾತ್ರ ಕೋಲಿ ಮೀನುಗಾರರ ಮನೆಗಳೂ ಮೀನು ಒಣಗಿಸುವ ಬಯಲೂ ಉಳಿದಿದ್ದವು.

ಆ ಬಯಲಿನ ನಡುವೆ ಎದೆಯೆತ್ತರದ ಒಂದು ಕಲ್ಲು. ಎಣ್ಣೆ, ಸಿಂಧೂರ ಬಳಿದು ಬಳಿದು ಮೈಯೆಲ್ಲ ಕೆಂಪು. ಮೀನು ಮಾರುವ ಚಾಂಗುಣಾಬಾಯಿಯ ಮನೆತನದವರು ಅದರ ಪೂಜೆ ನಡೆಸಿಕೊಂಡು ಬಂದವರು. ೧೯೯೪ರ ಒಂದು ಭಾನುವಾರ ಬೊಂಬಿಲ್ ಮೀನು ಆರಿಸುತ್ತಿದ್ದ ಮುಂಡಪ್ಪ ತಲೆ ಎತ್ತಿ ಆ ಕಲ್ಲನ್ನು ಸರಿಯಾಗಿ ನೋಡಿದ. ಸಿಂಧೂರದ ಕೆಳಗೆ ದೋಣಿಗಳ ಸಾಲು. ಐದು ದೋಣಿ, ಹುಟ್ಟು ಹಾಕುವವರು, ಮುಂದಿನ ದೋಣಿಯಲ್ಲಿ ಬಿಲ್ಲು ಹಿಡಿದ ಒಬ್ಬ.

"ಬಾಯಿ, ಇದು ಸಮುದ್ರದಲ್ಲಿ ಕಾದಿ ಸತ್ತವನ ಕಲ್ಲು" ಎಂದ ತನ್ನ ಹರಕು ಮರಾಠಿಯಲ್ಲಿ.

"ಸತ್ತವನದ್ದಲ್ಲ, ಕಾಯುವವನದ್ದು" ಎಂದಳು ಚಾಂಗುಣಾಬಾಯಿ. "ಬೊಂಬಿಲ್ ತಗೋತೀಯೋ ಬರೀ ಕಣ್ಣು ಹಾಕ್ತೀಯೋ, ಭಾವೂ?"

"ಎರಡೂ."

ಅವಳು ನಕ್ಕಳು. ಅಲ್ಲಿಂದ ಅವನು ಅವಳಿಗೆ ಭಾವೂ, ಅಂದರೆ ಅಣ್ಣ, ಆದ. ಮೀನುಗಾರರ ಮಗ, ಮೀನನ್ನು ಮೂಸಿ ನೋಡದೆ ಕಿವಿರು ಎತ್ತಿ ನೋಡುವವನು ಎಂದು ಅವಳಿಗೆ ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಅದೇ ವರ್ಷ ಅವನು ಇತಿಹಾಸ ಮಂಡಳ ಸೇರಿದ. ಮಂಡಳದಲ್ಲಿದ್ದವರು ಹನ್ನೊಂದು ಮಂದಿ. ಅಧ್ಯಕ್ಷರು ವಸಂತಕುಮಾರ ಹೆಗ್ಡೆ, ಹೆದ್ದಾರಿಯ ಬದಿಯಲ್ಲಿ ದೊಡ್ಡ ಹೋಟೆಲಿನ ಮಾಲೀಕರು, ಉಡುಪಿ ಕಡೆಯವರು. ಒಳ್ಳೆಯ ಮನುಷ್ಯ. ಯಾವ ಸಭೆಗೂ ತಮ್ಮ ಹೋಟೆಲಿನಿಂದ ಬಟಾಟೆವಡೆ ತರಿಸುತ್ತಿದ್ದರು. ಯಾವ ಕೆಲಸವಾದರೂ ಉದ್ಘಾಟನೆಯಾಗದಿದ್ದರೆ ಅದು ಆಗಿದೆ ಎಂದು ಅವರಿಗೆ ಅನ್ನಿಸುತ್ತಿರಲಿಲ್ಲ. ಕಾರ್ಯದರ್ಶಿ ಮುಕ್ತಾತಾಯಿ, ನಿವೃತ್ತ ಮರಾಠಿ ಶಾಲಾ ಶಿಕ್ಷಕಿ. ನಡೆದದ್ದನ್ನೆಲ್ಲ ದುಂಡಗಿನ ಅಕ್ಷರದಲ್ಲಿ ಬರೆದಿಡುವವರು.

ಕಲ್ಲಿನ ಬುಡದಲ್ಲಿ ಬರಹವಿದೆ ಎಂದು ತಿಳಿದದ್ದು ಮರುವರ್ಷ. ಚಾಂಗುಣಾಬಾಯಿಯ ಮನೆತನಕ್ಕೆ ಒಂದು ಕಟ್ಟಳೆ ಇತ್ತು. ಆ ಕಲ್ಲಿನ ಬುಡವನ್ನು ಯಾರೂ ಅಗೆಯುವಂತಿಲ್ಲ. ಶಿಮ್ಗಾ ಹಬ್ಬದ, ಅಂದರೆ ಹೋಳಿಯ, ಮರುದಿನ ಮಾತ್ರ ಅವಳೇ ಒಂದು ಗೇಣು ಹಳೇ ಮಣ್ಣು ತೆಗೆದು ಖಾಡಿಯ ಹೊಸ ಮಣ್ಣು ತುಂಬುತ್ತಾಳೆ. ೧೯೯೫ರ ಮಾರ್ಚಿನಲ್ಲಿ ಮುಂಡಪ್ಪ ರಜೆ ಹಾಕಿ ಹೋಗಿ ನಿಂತ. ಮಣ್ಣು ತೆಗೆದಾಗ ಒಂದು ಸಾಲು ನಾಗರಿ ಅಕ್ಷರ ಕಂಡಿತು. ಕೆಳಗೆ ಇನ್ನೂ ಸಾಲುಗಳಿದ್ದವು. ಬೆರಳು ತೂರಿಸಿ ತಡವಿದಾಗ ಮತ್ತೆರಡು ಎಂದು ತಿಳಿಯಿತು. ಅವಳು ಮುಂದಕ್ಕೆ ಅಗೆಯಲು ಬಿಡಲಿಲ್ಲ.

"ಗೇಣು ಅಂದ್ರೆ ಗೇಣು. ಮುಂದಿನ ಶಿಮ್ಗಾಕ್ಕೆ ಪಂಚರನ್ನು ಕೇಳಿ ಮೊಣಕೈ ಆಳ ತೆಗೀತೀನಿ. ಅದು ಎಲ್ಲೂ ಓಡಿಹೋಗಲ್ಲ, ಭಾವೂ."

ಸಿಕ್ಕಿದ ಒಂದು ಸಾಲಿನ ಅಚ್ಚು ತೆಗೆದುಕೊಂಡ. ಮನೆಯಲ್ಲಿ ಊಟದ ಮಣೆಯ ಮೇಲೆ ಹಾಸಿಕೊಂಡು ವಾರಗಟ್ಟಲೆ ಕೂತ. "ಪಪ್ಪಾ, ಫಿರ್ ಸೇ ಪತ್ಥರ್?" ಮತ್ತೆ ಅದೇ ಕಲ್ಲಾ, ಎಂದು ಮಗಳು ಹಾದುಹೋಗುವಾಗೆಲ್ಲ ಹಿಂದಿಯಲ್ಲಿ ಕೇಳುತ್ತಿದ್ದಳು. ಸ್ವಸ್ತಿ ಶ್ರೀ ಎಂದು ಮೊದಲಾಗುವ ಸಾಲು. ನಡುವೆ ಒಂದಿಷ್ಟು ಹೊಗಳಿಕೆ. ಕೊನೆಗೆ ಶಕ ಸಂವತ್ ಎಂದು ನಿಂತಿತ್ತು. ಯಾವ ವರ್ಷ ಎಂಬ ಅಂಕಿ ಇದ್ದದ್ದು ಎರಡನೇ ಸಾಲಿನ ಮೊದಲಲ್ಲಿ, ಮಣ್ಣಿನೊಳಗೆ.

ಆ ಅಂಕಿ ಬರೀ ಮುಂಡಪ್ಪನ ಕುತೂಹಲದ ವಿಷಯವಾಗಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಮಳೆಗಾಲದಲ್ಲಿ ಹೊಸ ನಗರ ಕಟ್ಟುವ ಕಚೇರಿಯವರು ಬಯಲಿನ ಮೇಲೆ ಸುಣ್ಣದ ಗೆರೆ ಎಳೆದರು. ಅಗಲ ರಸ್ತೆಯೊಂದು ಬಯಲಿನ ನಟ್ಟನಡುವೆ, ಕಲ್ಲಿನ ಮೇಲೆಯೇ ಹಾದುಹೋಗುವುದಿತ್ತು. ಮುಕ್ತಾತಾಯಿ ಅರ್ಜಿ ಹಾಕಿದರು. ಮುಂದಿನ ಏಪ್ರಿಲಿನಲ್ಲಿ ವಿಚಾರಣೆ ಎಂದು ಉತ್ತರ ಬಂತು. ಕಲ್ಲು ಹಳೇ ಕಾಲದ್ದೆಂದು ಬರಹದ ಆಧಾರ ತೋರಿಸಿದರೆ ರಸ್ತೆಯನ್ನು ಬಯಲಿನಿಂದ ಆಚೆಗೆ ಸರಿಸಬಹುದು ಎಂದು ಅದರಲ್ಲಿತ್ತು. ಬಯಲು ಹೋದರೆ ಮೀನು ಒಣಗಿಸಲು ಜಾಗವಿಲ್ಲ. ಮೂವತ್ತೆರಡು ಮನೆಗಳ ಹೆಂಗಸರ ಸಂಪಾದನೆ ಅಲ್ಲಿಗೆ ನಿಂತಿತು. ಚಾಂಗುಣಾಬಾಯಿಗೆ ಶಕವೂ ಗೊತ್ತಿಲ್ಲ, ಸಂವತ್ತೂ ಗೊತ್ತಿಲ್ಲ. ಭಾವೂ ಮಣ್ಣಿನ ಕೆಳಗಿನ ಅಕ್ಷರ ಓದಿದರೆ ಬಯಲು ಉಳಿಯುತ್ತದೆ ಎಂಬುದು ಮಾತ್ರ ಗೊತ್ತಿತ್ತು. ಶಿಮ್ಗಾ ಬರುವುದು ಮಾರ್ಚ್ ಮೊದಲ ವಾರ. ಸಮಯ ಇತ್ತು.

ಜನವರಿಯ ಸಭೆಯಲ್ಲಿ ಮುಂಡಪ್ಪ ಒಂದು ಮಾತು ಹೇಳಿದ. "ಖಾಡಿಯ ಭರತದ ನೀರು ಏರಿ ಬುಡಕ್ಕೆ ಬಂದು ಹೋಗ್ತದೆ. ಉಪ್ಪು ಅಕ್ಷರ ತಿನ್ನುತ್ತಾ ಉಂಟು. ಓದಿಯಾದ ಮೇಲೆ ಬುಡಕ್ಕೆ ಏನಾದ್ರೂ ರಕ್ಷಣೆ ಮಾಡ್ಬೇಕು."

"ನಿನಗೆ ಕಂಡ ಕಲ್ಲೆಲ್ಲ ಕನ್ನಡದ್ದು ಅಂತ ಮಾಡಿ ಬಿಟ್ಟೀಯ ಮಾರಾಯ" ಎಂದು ಯಾರೋ ಕೆಣಕಿದರು.

"ಅಕ್ಷರ ನಾಗರಿ ಸ್ವಾಮಿ. ನನ್ನದು ಅಂತ ಹೇಳುದಾದ್ರೆ ದೋಣಿ ಮಾತ್ರ."

ಎಲ್ಲರೂ ನಕ್ಕರು. ವಡೆ ಬಂತು. ಓದಿಯಾದ ಮೇಲೆ ಎಂಬ ಮಾತು ಆ ನಗುವಿನಲ್ಲಿ ಎಲ್ಲಿ ಹೋಯಿತೋ. ಮುಕ್ತಾತಾಯಿಯ ಪುಸ್ತಕದಲ್ಲಿ ಅದು ಇದೆ. ಹೆಗ್ಡೆಯವರ ತಲೆಯಲ್ಲಿ ಉಳಿದದ್ದು ರಕ್ಷಣೆ ಎಂಬುದೊಂದೇ.

ಫೆಬ್ರವರಿಯಲ್ಲಿ ಮುಂಡಪ್ಪ ಅಕ್ಕನ ಮಗಳ ಮದುವೆಗೆಂದು ಎಂಟು ದಿನ ಊರಿಗೆ ಹೋದ. ಬಸ್ಸಿನಲ್ಲಿ ಮೈ ಕೈ ಮುರಿದುಕೊಂಡು ಬಂದ ಮರುದಿನವೇ ಭಾನುವಾರ. ಮೀನಿನ ಚೀಲ ಹಿಡಿದು ಕೋಪರಾಳೆಗೆ ಹೋದ.

ಕಲ್ಲಿನ ಸುತ್ತ ನಾಲ್ಕಡಿ ಚೌಕದ ಕಟ್ಟೆ ಎದ್ದಿತ್ತು. ಗುಲಾಬಿ ಹೂವಿನ ಬಿಳಿ ಟೈಲ್ಸು. ಎದುರಿಗೆ ಅಮೃತಶಿಲೆಯ ಫಲಕ: ಮುಖ್ಯ ಅತಿಥಿಗಳ ಹೆಸರು, ಹೆಗ್ಡೆಯವರ ಹೆಸರು, ಮಂಡಳದವರೆಲ್ಲರ ಹೆಸರು. ಕೆಳಗಿನಿಂದ ಎರಡನೆಯದು, ಮುಂಡಪ್ಪ ಪುತ್ರನ್. ಕಲ್ಲಿನ ಬುಡದ ಎರಡಡಿ ಕಾಂಕ್ರೀಟಿನೊಳಗೆ ಮುಚ್ಚಿಹೋಗಿತ್ತು.

ಅವನು ಚೀಲವನ್ನು ಅಲ್ಲೇ ಬಿಟ್ಟು ಬಿಸಿಲಿನಲ್ಲಿ ನಡೆದೇ ಹೆಗ್ಡೆಯವರ ಹೋಟೆಲಿಗೆ ಹೋದ.

"ಬಾ ಬಾ ಪುತ್ರನ್! ನೋಡಿದೆಯಾ? ನೀನಿಲ್ಲದೆ ಬೇಜಾರಾಯ್ತು ಮಾರಾಯ. ಮುಖ್ಯ ಅತಿಥಿಗಳಿಗೆ ಆ ಒಂದು ದಿನ ಮಾತ್ರ ಬಿಡುವು ಇದ್ದದ್ದು."

"ಅಕ್ಷರ ಕೆಳಗಿತ್ತಲ್ಲ ಹೆಗ್ಡೆಯವ್ರೇ."

"ಅದಕ್ಕೇ ಅಲ್ವಾ ಮಾಡಿದ್ದು? ಉಪ್ಪು ತಿಂತಾ ಉಂಟು ಅಂತ ನೀನೇ ಹೇಳಿದ್ದು. ನೀನು ಹೇಳಿದ್ದು ಅಂದದ್ದಕ್ಕೇ ಚಾಂಗುಣಾಬಾಯಿ ಬುಡ ಅಗೀಲಿಕ್ಕೆ ಬಿಟ್ಟದ್ದು. ಇನ್ನು ನೂರು ವರ್ಷ ಒಂದು ಹನಿ ನೀರು ಹೋಗುದಿಲ್ಲ. ಒಳ್ಳೇ ಕಂಪೆನಿಯ ಸಿಮೆಂಟು."

"ಓದಿಯಾದ ಮೇಲೆ ಅಂತ ಹೇಳಿದ್ದೆ."

ಹೆಗ್ಡೆಯವರು ಗಲ್ಲಾಪೆಟ್ಟಿಗೆ ಬಿಟ್ಟು ಈಚೆಗೆ ಬಂದರು. "ಎಂತ... ನೀನು ಓದಿ ಆಗಿರ್ಲಿಲ್ವಾ?" ಅವರ ಮುಖ ಕೆಂಪಾಯಿತು. ನಿಜವಾಗಿ ಅವರಿಗೆ ಗೊತ್ತಿರಲಿಲ್ಲ. ಬೈಯಬಹುದಾದ ಮನುಷ್ಯನಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಎಂದು ಮುಂಡಪ್ಪ ಆಮೇಲೆ ವಾರಿಜಾ ಹತ್ತಿರ ಹೇಳಿದ್ದುಂಟು.

"ಒಡೆಸಿದ್ರಾಯ್ತು ಬಿಡು" ಎಂದರು ಹೆಗ್ಡೆಯವರು. "ಯಾರಿಗೂ ಹೇಳ್ಬೇಡ. ಮಾಡಿದ ಗವಂಡಿಯನ್ನೇ ಕರೆಸುವ."

ಗಾರೆ ಕೆಲಸದ ಆ ಗವಂಡಿ ಮಾಪಣ್ಣ ಕಲಬುರಗಿ ಕಡೆಯವನು. ಖಾರಘರದಲ್ಲಿ ಏಳುತ್ತಿದ್ದ ಕಟ್ಟಡಗಳಲ್ಲಿ ಕೆಲಸ, ಅಲ್ಲೇ ತಗಡಿನ ಗುಡಿಸಲು. ಮುಂಡಪ್ಪ ಅವನನ್ನು ಹುಡುಕಿಕೊಂಡು ಹೋದಾಗ ಇಟ್ಟಿಗೆಯ ರಾಶಿಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ. ಕಟ್ಟೆಯ ಮಾತೆತ್ತಿದ ಕೂಡಲೇ ಅವನ ಮುಖ ಅರಳಿತು.

"ಅದಾ? ನೂರು ಹೋಳಿ ಬಂದ್ ಹೋದ್ರೂ ಅಲ್ಲಾಡಂಗಿಲ್ರೀ ಸಾಹೇಬ್ರ. ನನ್ನ ಕೈಲೆ ಮಾಡೀನಿ."

"ಒಡೀಬೇಕಲ್ಲ ಮಾಪಣ್ಣ. ಒಳಗೆ ಅಕ್ಷರ ಉಂಟು."

"ಹೌದ್ರಿ, ಏನೋ ಗೀಚಿದ್ದು ಕಂಡಿತ್ತು. ಸೇಠ್‌ಗೋಳಿಗೂ ಅಂದೆ. 'ಹಾಕು ಹಾಕು, ನಾಳಿ ದೊಡ್ಡ ಸಾಹೇಬ್ರು ಬರ್ತಾರ' ಅಂದ್ರು. ಒಡದ್ರ ಬರ್ತೈತಿ, ಆದ್ರ ಬಾಳ ಬಿಗಿ ಹಿಡದಿರ್ತೈತ್ರೀ. ಕಲ್ಲು ನುಣ್ಣಗಿತ್ತು ನೋಡ್ರಿ, ಸಿಮಿಂಟ್ ಹಿಡಿಯಂಗಿಲ್ಲ ಅಂತ ಟಾಚಾ ಹೊಡದೀನಿ."

ಮುಂಡಪ್ಪ ಕೇಳಿದ, "ಟಾಚಾ ಅಂದ್ರೆ?" ಗೊತ್ತಿದ್ದೇ ಕೇಳಿದ. ಅವನು ಕಾರ್ಖಾನೆಯವನು, ಸಿಮೆಂಟಿನ ಗಿಲಾಯಿ ಹಿಡಿಯಲೆಂದು ನುಣುಪು ಗೋಡೆಗೆ ಉಳಿಯಿಂದ ಕಚ್ಚು ಹಾಕುವುದನ್ನು ಎಷ್ಟೋ ಸಲ ನೋಡಿದ್ದ.

"ಉಳೀಲೆ ಕಚ್ಚು ಹಾಕೂದ್ರಿ. ಒತ್ತೊತ್ತಾಗಿ. ಒಂದ್ ಬೆರಳಿನ ಜಾಗಾ ಸುದ್ದಾ ಬಿಟ್ಟಿಲ್ಲ."

"ಅಕ್ಷರದ ಮೇಲೂ?"

"ಎಲ್ಲಾ ಕಡೀರಿ." ಮಾಪಣ್ಣ ರೊಟ್ಟಿ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದ. ಎದುರಿಗಿದ್ದವನ ಮುಖ ನೋಡಿ ಏನೋ ತಿಳಿಯಿತು. "ನಮಗ ಯಾರೂ ಹೇಳ್ಲಿಲ್ರೀ ಸಾಹೇಬ್ರ. ಕೆಲಸ ಹಗರ ಆಗಬಾರದಂತ ಮಾಡಿದ್ನಿ."

ಅವನು ಹೇಳಿದ್ದು ಸರಿಯಾಗಿತ್ತು. ಆ ಇಡೀ ವ್ಯವಹಾರದಲ್ಲಿ ತನ್ನ ಕೆಲಸವನ್ನು ಚೆನ್ನಾಗಿ ಮಾಡಿದವನು ಅವನೊಬ್ಬನೇ.

ಆದರೂ ಶಿಮ್ಗಾದ ಮರುದಿನ ಕಟ್ಟೆಯ ಒಂದು ಮೂಲೆ ಒಡೆಸಿದರು. ಚಾಂಗುಣಾಬಾಯಿ ಹೊಸ ಮಣ್ಣಿನ ಬುಟ್ಟಿ ಹಿಡಿದು ನಿಂತಿದ್ದಳು. ಮಾಪಣ್ಣ ಆ ದಿನದ ಕೂಲಿ ಬಿಟ್ಟು ಬಂದು ಮಗುವಿನ ಕಾಲಿನ ಮುಳ್ಳು ತೆಗೆಯುವಷ್ಟು ಮೆತ್ತಗೆ ಸಿಮೆಂಟು ಕಿತ್ತ. ಒಂದೂವರೆ ಗೇಣು ಅಗಲ ಕಲ್ಲು ಕಂಡಿತು. ಅದರ ತುಂಬ ಬಿಳಿಚಿದ ಕಚ್ಚುಗಳು, ಸಿಡುಬಿನ ಮುಖದ ಹಾಗೆ. ಎರಡನೇ ಸಾಲಿನ ಮೊದಲಿಗೆ ಬಾಗಿದ ಒಂದು ಗೆರೆ ಇತ್ತು. ಅದು ಒಂದೂ ಆಗಬಹುದಿತ್ತು, ಒಂಬತ್ತೂ ಆಗಬಹುದಿತ್ತು, ಮಾಪಣ್ಣನ ಉಳಿಯದ್ದೂ ಆಗಬಹುದಿತ್ತು. ಮುಂಡಪ್ಪ ಒದ್ದೆ ಕಾಗದ ಹಾಸಿ ತಟ್ಟಿದ. ಆರಿದ ಮೇಲೆ ಮಸಿ ಒತ್ತಿದ. ಕಾಗದದ ಮೇಲೆ ಬರೀ ಚುಕ್ಕಿಗಳು ಮೂಡಿದವು.

"ಏನು ಬರೆದಿದೆ ಭಾವೂ?"

"ಕಾಣ್ತಿಲ್ಲ ಬಾಯಿ."

"ಕನ್ನಡಕ ಹಾಕ್ಕೋ."

"ಹಾಕಿದ್ದೇನೆ."

ವಿಚಾರಣೆಯ ಹಿಂದಿನ ಭಾನುವಾರ ಹೆಗ್ಡೆಯವರು ಡೊಂಬಿವಲಿಯ ಮನೆಗೇ ಬಂದರು. ಜೊತೆಗೆ ಚಾಂಗುಣಾಬಾಯಿ. ಅಷ್ಟು ದೂರ ಅವಳು ಬಂದದ್ದು ಅದೇ ಮೊದಲು. ವಾರಿಜಾ ಚಹಾ ಕೊಟ್ಟರು. ಹೆಗ್ಡೆಯವರು ಬಾಗಿಲು ಮುಂದಕ್ಕೆ ಹಾಕಿ ಹೇಳಿದರು, "ನೋಡು ಪುತ್ರನ್, ತಪ್ಪು ನನ್ನದು, ಒಪ್ಪಿಕೊಳ್ತೇನೆ. ಈಗ ದಾರಿ ಒಂದೇ. ಕಟ್ಟೆ ಮೊದಲಿನ ಹಾಗೇ ಮುಚ್ಚಿಸುವ. ನೀನು ಕಳೆದ ವರ್ಷವೇ ಮೂರೂ ಸಾಲು ಓದಿದ್ದೆ ಅಂತ ಬರೆದುಕೊಡು. ಒಂದು ಶಕ ವರ್ಷ ಹಾಕು. ಸಾವಿರದ ನೂರು ಚಿಲ್ಲರೆ. ಯಾರು ಒಡೆದು ನೋಡ್ತಾರೆ?"

"ಸುಳ್ಳು ಶಾಸನ ಬರೀಲಿಕ್ಕೆ ಹೇಳ್ತೀರಾ?"

"ಕಲ್ಲು ಹಳೇದು ಹೌದಾ ಅಲ್ವಾ?"

"ಹೌದು."

"ಮತ್ತೆ ಸುಳ್ಳು ಎಲ್ಲಿಂದ ಬಂತು?"

ಕಲ್ಲು ಹಳೆಯದೇ. ದೋಣಿಯ ಏರಿದ ಮೂತಿ, ಬಿಲ್ಲುಗಾರನ ತುರುಬು, ಅಕ್ಷರದ ತಿರುವು, ಎಲ್ಲ ನೋಡಿದರೆ ಹೆಗ್ಡೆಯವರು ಹೇಳಿದ ಅಂಕಿ ಐವತ್ತು ವರ್ಷ ಆಚೀಚೆ ಸರಿಯೇ ಇರಬಹುದಿತ್ತು. ಚಾಂಗುಣಾಬಾಯಿ ಇಷ್ಟು ಹೊತ್ತು ನೆಲ ನೋಡುತ್ತಿದ್ದವಳು ಹೇಳಿದಳು, "ನಾನು ಓದಿದವಳಲ್ಲ. ನಿನ್ನ ಬಾಯಲ್ಲಿ ಒಂದು ಅಂಕಿ ಬಂದರೆ ಬಯಲು ಉಳೀತದೆ ಅಂತಾರೆ. ಹೇಳಿಬಿಡು."

ಅವರು ಹೋದ ಮೇಲೆ ಅವನು ವಾರಿಜಾರನ್ನು ಕೇಳಿದ, "ನೀನು ಎಂತ ಹೇಳ್ತಿ?"

"ಹೇಳಿಬಿಡಿ ಅಂತಲೇ ಹೇಳ್ತೇನೆ. ನಿಮ್ಮಿಂದ ಆಗುದಿಲ್ಲ ಅಂತಲೂ ಗೊತ್ತುಂಟು."

ವಿಚಾರಣೆ ಹತ್ತು ನಿಮಿಷದಲ್ಲಿ ಮುಗಿಯಿತು. ಕಚೇರಿಯ ಸಾಹೇಬರು ಕೆಟ್ಟವರಲ್ಲ. ಮೊದಲ ಸಾಲಿನ ಅಚ್ಚನ್ನು ಬೆಳಕಿಗೆ ಹಿಡಿದು ಆಸೆಯಿಂದಲೇ ನೋಡಿದರು. "ಶಕ ಸಂವತ್... ಮುಂದೆ?" ಎಂದರು. ಮುಕ್ತಾತಾಯಿ ಮುಂಡಪ್ಪನನ್ನು ನೋಡಿದರು. ಹೆಗ್ಡೆಯವರು ಕೆಮ್ಮಿದರು. ಬಾಗಿಲ ಹತ್ತಿರ ಚಾಂಗುಣಾಬಾಯಿ ಸೆರಗು ಬಿಗಿದುಕೊಂಡು ನಿಂತಿದ್ದಳು.

"ಮುಂದಿನ ಎರಡು ಸಾಲು ನೀವು ಓದಿದ್ದೀರಾ?"

ಮುಂಡಪ್ಪ ಬಾಯಿ ತೆರೆದ. ಸಾವಿರದ ನೂರ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು ಎಂದು ಅವನೇ ಆಮೇಲೆ ಹೇಳಿದ್ದ. "ಇಲ್ಲ ಸಾಹೇಬ್" ಎಂದ. "ಇದ್ದವು. ನಾನು ಓದುವ ಮೊದಲು ಹೋದವು."

ಸಾಹೇಬರು ಕಡತದಿಂದ ಫೋಟೋ ತೆಗೆದು ಮೇಜಿನ ಮೇಲಿಟ್ಟರು. ಗುಲಾಬಿ ಹೂವಿನ ಟೈಲ್ಸು, ಫಲಕ, ಫಲಕದ ಮೇಲೆ ಫೆಬ್ರವರಿ ೧೯೯೬. "ನನ್ನ ಕೈಯಲ್ಲಿರುವ ತಾರೀಖು ಇದೊಂದೇ. ಇದರ ಪ್ರಕಾರ ಇದು ಎರಡು ತಿಂಗಳ ಹಿಂದೆ ಪರವಾನಗಿ ಇಲ್ಲದೆ ಕಟ್ಟಿದ ಮಂದಿರ."

ಮುಂದಿನ ವರ್ಷ ರಸ್ತೆ ಬಂತು. ಕಲ್ಲನ್ನು ಕಟ್ಟೆಯ ಸಮೇತ ಕ್ರೇನಿನಿಂದ ಎತ್ತಿ ಎಂಬತ್ತು ಅಡಿ ಆಚೆ ನಾಲ್ಕು ದಾರಿ ಕೂಡುವಲ್ಲಿ ಇಟ್ಟರು. ಬಯಲು ಹೋಯಿತು. ಮಂಡಳದವರು ವಾರ್ಷಿಕ ವರದಿಯಲ್ಲಿ "ಸ್ಮಾರಕದ ಯಶಸ್ವಿ ಸ್ಥಳಾಂತರ" ಎಂದು ಬರೆದುಕೊಂಡರು. ಮುಂಡಪ್ಪ ರಾಜೀನಾಮೆ ಕೊಟ್ಟ. ಕಾರಣ ಎರಡು ಪುಟ ಬರೆದಿದ್ದ. ಸಭೆಯಲ್ಲಿ ಅದನ್ನು "ಆರೋಗ್ಯದ ಕಾರಣ" ಎಂದು ದಾಖಲಿಸಬೇಕೆಂದು ತೀರ್ಮಾನವಾಯಿತು. ಮುಕ್ತಾತಾಯಿ ಅಷ್ಟನ್ನು ಬರೆಯಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟಿದ್ದಾರೆ.

ಆರೋಗ್ಯವೂ ಸುಳ್ಳಾಗಿರಲಿಲ್ಲ. ಕಾರ್ಖಾನೆಯ ಗಾಳಿ ಅವನ ಎದೆಯಲ್ಲಿ ಕೂತಿತ್ತು. ಆದರೂ ಭಾನುವಾರದ ಕೋಪರಾಳೆ ಬಿಡಲಿಲ್ಲ. ಚಾಂಗುಣಾಬಾಯಿ ಈಗ ಹೊಸ ರಸ್ತೆಯ ಬದಿಯಲ್ಲಿ ಪ್ಲಾಸ್ಟಿಕ್ ಹಾಸಿಕೊಂಡು ಕೂರುತ್ತಿದ್ದಳು. ಒಣಮೀನು ನಿಂತಿತ್ತು, ಬೇರೆ ಬಂದರಿನಿಂದ ತಂದ ಹಸಿಮೀನು ಮಾತ್ರ. ಇವನು ಹೋಗಿ ಎದುರಿಗೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದ. ಅವಳು ಮಾತಾಡುತ್ತಿರಲಿಲ್ಲ. ಬೆರಳಲ್ಲಿ ಬೆಲೆ ತೋರಿಸಿ, ತೂಗಿ, ಚೀಲಕ್ಕೆ ಸುರಿದು ಮುಂದಿನ ಗಿರಾಕಿಯ ಕಡೆ ತಿರುಗುತ್ತಿದ್ದಳು. ಒಮ್ಮೆ ಮಾತ್ರ ಕೇಳಿದಳು, "ಒಂದು ಅಂಕಿ. ನಿನ್ನ ಅಪ್ಪನ ಮನೆ ಗಂಟು ಏನು ಹೋಗ್ತಿತ್ತು?" ಅವನು ಏನೋ ಹೇಳಹೊರಟ, ಕೆಮ್ಮು ಬಂತು, ಅಷ್ಟರಲ್ಲಿ ಅವಳು ಬೇರೆಯವರ ಜೊತೆ ಚೌಕಾಶಿಗೆ ಇಳಿದಿದ್ದಳು.

"ಸ್ಟೇಷನ್ ಹತ್ರ ಇದೇ ಮೀನು ಸಿಗ್ತದಲ್ಲ" ಎಂದು ವಾರಿಜಾ ಹೇಳಿದರೆ, "ಸಿಗ್ತದೆ" ಎಂದು ಚಪ್ಪಲಿ ಹಾಕಿಕೊಂಡು ಹೊರಡುತ್ತಿದ್ದ. ಎರಡು ವರ್ಷ ಹೀಗೇ ನಡೆಯಿತು. ೧೯೯೯ರ ಜನವರಿಯಲ್ಲಿ ಠಾಣೆಯ ಆಸ್ಪತ್ರೆಯಲ್ಲಿ ಉಸಿರು ನಿಂತಾಗ ಅವನಿಗೆ ಐವತ್ತೊಂದು.

ಶೋಕಸಭೆಯ ಹಿಂದಿನ ದಿನ ಮುಕ್ತಾತಾಯಿ ರಸ್ತೆಬದಿಗೆ ಹೋಗಿ ಚಾಂಗುಣಾಬಾಯಿಗೆ ಸುದ್ದಿ ತಿಳಿಸಿದರು. ಸಭೆಗೆ ಬಾ ಎಂದರು. ಅವಳು ಹಲ್ವೆ ಮೀನಿನ ಹೊಟ್ಟೆ ಸೀಳುತ್ತಿದ್ದಳು. ಕತ್ತಿ ನಿಲ್ಲಿಸಲಿಲ್ಲ.

"ಬಂದು ಏನು ಮಾಡಲಿ? ಒಳ್ಳೆಯವನು, ಒಳ್ಳೆಯವನು ಅಂತೀರಿ ಎಲ್ಲರೂ. ನಾನೂ ಅಂತೀನಿ. ಅವತ್ತು ಒಂದು ದಿನ ಒಳ್ಳೆಯವನಾಗದೆ ಇದ್ದಿದ್ದರೆ ನಾನು ಇಲ್ಲಿ ಧೂಳಿನಲ್ಲಿ ಕೂರ್ತಿರಲಿಲ್ಲ." ಕರುಳು ತೆಗೆದು ಬದಿಗೆ ಎಸೆದಳು. "ಹೋಗಿ ತಾಯಿ, ಗಿರಾಕಿ ನಿಂತಿದ್ದಾರೆ."

ಅವಳು ಬರಲಿಲ್ಲ.